ತಾನೇ ಸರಿಯುವ ಗುಂಡಿ

ಸಂಗೀತ ಕಚೇರಿಗೆ ಹೋದವರು ಗಾಯಕರ ಮುಖವನ್ನು ನೋಡುತ್ತಾರೆ, ತಬಲಾದವರ ಬೆರಳುಗಳನ್ನು ನೋಡುತ್ತಾರೆ. ಮಂಟಪದ ಹಿಂಬದಿಯಲ್ಲಿ ಮೇಜು ಹಾಕಿಕೊಂಡು ಕುಳಿತ ಮೈಕ್‌ಸೆಟ್ಟಿನವನನ್ನು ಯಾರೂ ನೋಡುವುದಿಲ್ಲ. ಮೈಕು ‘ಕುಂಯ್’ ಎಂದು ಕೂಗಿಕೊಂಡಾಗ ಮಾತ್ರ ನೂರಾರು ಕಣ್ಣುಗಳು ಒಮ್ಮೆಲೇ ಆತನ ಮೇಲೆ ಬೀಳುತ್ತವೆ. ಸರಿಯಾಗಿ ಕೆಲಸ ಮಾಡಿದಷ್ಟು ಹೊತ್ತೂ ಅವನು ಅದೃಶ್ಯ. ತಪ್ಪಿದ ಕ್ಷಣಕ್ಕೆ ಮಾತ್ರ ದೃಶ್ಯ. ನಾನೂ ಆ ನೂರಾರು ಕಣ್ಣುಗಳಲ್ಲಿ ಎರಡನ್ನು ಹೊತ್ತು ಐವತ್ತು ವರ್ಷ ಕಳೆದವನೇ.

ಕೆಲವು ತಿಂಗಳ ಹಿಂದೆ ಶಿರಹಟ್ಟಿಯಲ್ಲಿ ಒಂದು ಸಂಗೀತ ಸಭೆಯಾಯಿತು. ಹೋಗುವಾಗ ತಡವಾದುದರಿಂದ ಮುಂದೆ ಜಾಗ ಸಿಗದೆ ಆ ಮೇಜಿನ ಪಕ್ಕದಲ್ಲಿಯೇ ಕುಳಿತುಕೊಳ್ಳಬೇಕಾಯಿತು. ನನ್ನ ಸಂಗಡ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದ. ಹುಟ್ಟಿನಿಂದ ಕಣ್ಣಿಲ್ಲದವನು, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ತಬಲಾ ಕಲಿತವನು. ಮೈಕ್‌ಸೆಟ್ಟಿನವರು ಲಕ್ಷ್ಮೇಶ್ವರದವರು, ನನಗೆ ಪರಿಚಿತರು. ಹುಡುಗನ ಕುತೂಹಲವನ್ನು ಕಂಡು ಅವನ ಬೆರಳುಗಳನ್ನು ತಮ್ಮ ಹಲಗೆಯ ಅಂಚಿಗೆ ತಂದಿಟ್ಟರು. ಹಾಡು ಮುಗಿದು ಭಾಷಣ ಆರಂಭವಾಗುವ ಹೊತ್ತಿಗೆ ಅವರು ಒಂದು ಒತ್ತುಗುಂಡಿಯನ್ನು ಅದುಮಿದರು. ಕೂಡಲೆ ಹಲಗೆಯ ಮೇಲಿನ ಸಾಲು ಸಾಲು ಗುಂಡಿಗಳು, ಯಾರ ಕೈಯೂ ತಾಕದೆ, ಸರ್ರನೆ ಸರಿದು ಬೇರೆ ಬೇರೆ ಎತ್ತರಗಳಲ್ಲಿ ನಿಂತುವು. ಹುಡುಗ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡವನು ಮರುಗಳಿಗೆಯಲ್ಲಿ ನಕ್ಕುಬಿಟ್ಟ.

“ಸರ, ಇವು ತಾವಽ ಸರಿದಾಡತಾವ್ರೀ!”

“ಒಳಗ ಮೋಟಾರ ಅದಾವ ತಮ್ಮಾ, ಒಂದೊಂದಕ್ಕ ಒಂದೊಂದು” ಎಂದರು ಮೈಕ್‌ಸೆಟ್ಟಿನವರು.

ನನಗೆ ಆಗ ನೆನಪಾದುದು ನಮ್ಮ ಹಳೆಯ ಗಾದೆ: ಉಗುರಿನಿಂದ ಹೋಗುವುದಕ್ಕೆ ಕೊಡಲಿಯೇಕೆ? ಕಿರುಬೆರಳಿನಿಂದ ತಳ್ಳಿದರೆ ಸರಿಯುವ ಗುಂಡಿಗೆ ಮೋಟಾರು ಬೇಕೆ? ಇದು ದೊಡ್ಡವರ ಆಟಿಕೆಯಲ್ಲದೆ ಮತ್ತೇನು ಎಂದೇ ನಾನು ಭಾವಿಸಿದೆ. ಆ ರಾತ್ರಿ ಮುಗಿಯುವ ಮೊದಲೇ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು. ಹೇಗೆಂಬುದನ್ನು ಹೇಳುವ ಮೊದಲು ಈ ಗುಂಡಿಯ ಪೂರ್ವೋತ್ತರವನ್ನು ತಮ್ಮ ಮುಂದಿಡುತ್ತೇನೆ. ಇಂಗ್ಲಿಷಿನವರು ಇದನ್ನು ಫೇಡರ್ ಎನ್ನುತ್ತಾರೆ, ನಮ್ಮ ಮೈಕ್‌ಸೆಟ್ಟಿನವರೂ ಹಾಗೆಯೇ ಅನ್ನುತ್ತಾರೆ. ಪಂಪನು ಮೆಚ್ಚಿದ ಪುಲಿಗೆರೆಯ ತಿರುಳ್ಗನ್ನಡದ ನೆಲದಲ್ಲಿ ನಿಂತು ಬರೆಯುತ್ತಿರುವುದರಿಂದ ನಾನು ‘ಜಾರುಗುಂಡಿ’ ಎನ್ನುವೆನು. ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರವಲ್ಲವೆ? ಆ ಊರಿನ ಮೈಕ್‌ಸೆಟ್ಟಿನವರು ಈ ಹೆಸರಿಗೆ ನಕ್ಕರು. ಆದರೆ ಒಪ್ಪದೆಯೂ ಇರಲಿಲ್ಲ.

ನಮ್ಮ ಸೀಮೆಯಲ್ಲಿ ಯಂತ್ರದಿಂದ ಬರುವ ಸಂಗೀತದ ಕಥೆ ಆರಂಭವಾಗುವುದು ಗುಂಡಿಯಿಂದಲ್ಲ, ಮೋಟಾರಿನಿಂದ. ಭಾರತದಲ್ಲಿ ಗ್ರಾಮೊಫೋನ್ ಕಂಪನಿಯ ಮೊದಲ ಮುದ್ರಣಗಳು ೧೯೦೨ರಲ್ಲಿ ಕಲಕತ್ತೆಯಲ್ಲಿ ಆದುವು. ಆಗ ಹಾಡಿದವರಲ್ಲಿ ಪ್ರಸಿದ್ಧಳಾದ ಗೌಹರ್ ಜಾನ್ ತನ್ನ ಕೊನೆಯ ದಿನಗಳನ್ನು ನಮ್ಮ ಮೈಸೂರಿನಲ್ಲಿಯೇ ಕಳೆದು ೧೯೩೦ರಲ್ಲಿ ಅಲ್ಲಿಯೇ ತೀರಿಕೊಂಡಳು. ಆ ಕಾಲದ ಗ್ರಾಮೊಫೋನಿಗೆ ವಿದ್ಯುತ್ತಿರಲಿಲ್ಲ. ಚಾವಿ ಕೊಟ್ಟರೆ ಸುತ್ತಿಕೊಳ್ಳುವ ಉಕ್ಕಿನ ಪಟ್ಟಿಯೇ ಅದರ ಮೋಟಾರು. ಮುಂಡರಗಿಯ ನಮ್ಮ ಅಜ್ಜನ ಮನೆಯ ಅಟ್ಟದ ಮೇಲೆ ಅಂಥದೊಂದು ಪೆಟ್ಟಿಗೆಯಿತ್ತು. ನಾನು ಕಂಡಾಗ ಅದಕ್ಕೆ ಕಹಳೆಯಿರಲಿಲ್ಲ, ತಟ್ಟೆಗಳೂ ಒಡೆದುಹೋಗಿದ್ದುವು. ಆದುದರಿಂದಲೇ ಅದನ್ನು ಬಿಚ್ಚಿ ನೋಡುವ ಭಾಗ್ಯ ನನಗೆ ಒದಗಿತು.

ಅದರ ಹೊಟ್ಟೆಯಲ್ಲಿ ಒಂದು ಚೆಲುವಾದ ಸಲಕರಣೆಯಿತ್ತು. ತೆಳುವಾದ ಮೂರು ಉಕ್ಕಿನ ಎಲೆಗಳು; ಒಂದೊಂದಕ್ಕೂ ಒಂದೊಂದು ಸಣ್ಣ ಸೀಸದ ಗುಂಡು. ಮೋಟಾರು ವೇಗವಾದಂತೆ ಗುಂಡುಗಳು ಹೊರಕ್ಕೆ ಚಿಮ್ಮುವುವು. ಅವು ಹೊರಕ್ಕೆ ಹೋದಂತೆ ಒಂದು ಬಿಲ್ಲೆಯನ್ನು ಎಳೆದು ಚರ್ಮದ ತುಣುಕಿಗೆ ಉಜ್ಜಿಸುವುವು. ಉಜ್ಜಿದಂತೆ ವೇಗ ತಗ್ಗುವುದು. ತಗ್ಗಿದಂತೆ ಗುಂಡುಗಳು ಒಳಕ್ಕೆ ಬರುವುವು. ಇದಕ್ಕೆ ಗವರ್ನರ್ ಎಂದು ಹೆಸರು. ಉಗಿಯಂತ್ರಕ್ಕೆ ಜೇಮ್ಸ್ ವಾಟ್ ೧೭೮೮ರಲ್ಲಿ ಅಳವಡಿಸಿದ ಗುಂಡುಗಳ ಗವರ್ನರಿನ ವಂಶವೇ ಇದು. ತಟ್ಟೆಯ ಪಕ್ಕದಲ್ಲಿ ಹೊರಗೆ ಕಾಣುವ ಚಿಕ್ಕ ಸನ್ನೆಯೊಂದಿರುವುದು. ಅದು ಮಾಡುವುದಿಷ್ಟೆ, ಚರ್ಮದ ತುಣುಕನ್ನು ಬಿಲ್ಲೆಗೆ ಹತ್ತಿರ ಅಥವಾ ದೂರ ಮಾಡುವುದು. ‘ಇಷ್ಟು ವೇಗ ಬೇಕು’ ಎಂದು ಹೇಳುವುದು ಮನುಷ್ಯನ ಕೈ. ಆ ವೇಗವನ್ನು ಕ್ಷಣಕ್ಷಣವೂ ಕಾಯುವುದು ಯಂತ್ರ. ಬೇಕಾದುದನ್ನೂ ಇರುವುದನ್ನೂ ಹೋಲಿಸಿ ನೋಡಿ, ಅಂತರವಿದ್ದರೆ ತಾನೇ ತಿದ್ದಿಕೊಳ್ಳುವ ಈ ಉಪಾಯವನ್ನು ನೆನಪಿನಲ್ಲಿಡಿ. ಮುಂದೆ ಶಿರಹಟ್ಟಿಯ ಆ ಮೇಜಿನ ಮೇಲೆ ನಾನು ಕಂಡುದರ ಮೂಲಪುರುಷ ಇದೇ.

ಈ ಚರ್ಮದ ತುಣುಕು ಸವೆದರೆ ಏನಾಗುತ್ತಿತ್ತೆಂಬುದನ್ನು ಸಂಗೀತಗಾರರೇ ಬಲ್ಲರು. ನಿಮಿಷಕ್ಕೆ ೭೮ ಸುತ್ತು ಸುತ್ತಬೇಕಾದ ತಟ್ಟೆ ೮೨ನ್ನೂ ಮೀರಿ ೮೩ರ ಹತ್ತಿರಕ್ಕೆ ಹೋಯಿತೆಂದರೆ ಶ್ರುತಿ ಅರ್ಧ ಸ್ವರದಷ್ಟು ಏರಿತೆಂದೇ ಅರ್ಥ; ಕಪ್ಪು ಎರಡರಲ್ಲಿ ಹಾಡಿದುದು ಬಿಳಿ ಮೂರರಲ್ಲಿ ಕೇಳಿಸುವುದು. ಇನ್ನು ಆ ಮೊದಲ ದಶಕಗಳ ತಟ್ಟೆಗಳೆಲ್ಲ ೭೮ರಲ್ಲಿಯೇ ಮುದ್ರಿತವಾದುವೂ ಅಲ್ಲ. ಹೀಗಾಗಿ ಹಿಂದಿನ ಉಸ್ತಾದರೊಬ್ಬರು ನಿಜವಾಗಿ ಯಾವ ಶ್ರುತಿಯಲ್ಲಿ ಹಾಡಿದರೆಂಬ ಚರ್ಚೆ ಬಂದಾಗಲೆಲ್ಲ ಕಡೆಗೆ ಆ ಸನ್ನೆ ಎಲ್ಲಿ ನಿಂತಿತ್ತು ಎಂಬ ಪ್ರಶ್ನೆಗೇ ಬಂದು ಮುಟ್ಟುತ್ತದೆ. ರೋಣದಲ್ಲಿ ೧೯೨೨ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ತಟ್ಟೆಯನ್ನು ಕೇಳಿ ಮರುಳಾಗಿ, ೧೯೩೩ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನರಸಿ ಗದಗಿನ ಮನೆಯನ್ನು ಬಿಟ್ಟುಹೋದ ಸಂಗತಿ ಎಲ್ಲರಿಗೂ ತಿಳಿದುದೇ. ಆ ಹುಡುಗನ ಕಿವಿಗೆ ಬಿದ್ದ ಷಡ್ಜವು ಖಾನರ ಷಡ್ಜವೇ ಅಥವಾ ಗವರ್ನರಿನ ಚರ್ಮದ ತುಣುಕಿನ ಷಡ್ಜವೇ ಎಂದು ಒಮ್ಮೊಮ್ಮೆ ನಾನು ಯೋಚಿಸುವುದುಂಟು. ಯಾವುದಾದರೇನು, ಫಲ ಚೆನ್ನಾಯಿತು.

ಗ್ರಾಮೊಫೋನಿನಲ್ಲಿ ವೇಗಕ್ಕೆ ಸನ್ನೆಯಿತ್ತು, ದನಿಯ ಗಾತ್ರಕ್ಕೆ ಇರಲಿಲ್ಲ. ದನಿ ಸಣ್ಣದಾಗಬೇಕಾದರೆ ತೆಳ್ಳನೆಯ ಮುಳ್ಳು ಹಾಕಬೇಕು, ಇಲ್ಲವೆ ಪೆಟ್ಟಿಗೆಯ ಬಾಗಿಲುಗಳನ್ನು ಮುಚ್ಚಬೇಕು. ದನಿಯನ್ನು ಬೆರಳ ತುದಿಯಿಂದ ಏರಿಸುವ ಇಳಿಸುವ ಸೌಭಾಗ್ಯ ಜನಸಾಮಾನ್ಯರಿಗೆ ಬಂದುದು ರೇಡಿಯೋದ ಜೊತೆಗೆ. ಧಾರವಾಡದ ಆಕಾಶವಾಣಿ ನಿಲಯ ೧೯೫೦ರ ಜನವರಿ ೮ರಂದು ಆರಂಭವಾದ ಮೇಲೆ ನಮ್ಮ ನಾಲ್ಕೂ ಊರುಗಳಲ್ಲಿ ‘ರೇಡಿಯೋದ ಕಿವಿ ಹಿಂಡು’ ಎಂಬ ಮಾತು ಮನೆಮಾತಾಯಿತು. ನಮ್ಮ ಅಜ್ಜಿಗೆ ಎರಡೂ ಕಣ್ಣುಗಳಲ್ಲಿ ಪೊರೆ ಬಂದಿತ್ತು. ಆದರೂ ಬೆಳಗಿನ ವಚನಗಾಯನಕ್ಕೆ ರೇಡಿಯೋ ಹಚ್ಚುವವಳು ಅವಳೇ. ಎಡಗಡೆಯ ಗುಂಡಿಯ ಮೇಲೆ ಒಂದು ಸಣ್ಣ ಗೀರಿತ್ತು. ‘ಟಕ್’ ಎಂದ ಮೇಲೆ ಆ ಗೀರು ಮೇಲ್ಮುಖವಾಗುವಷ್ಟು ತಿರುಗಿಸಿದರೆ ಪಡಸಾಲೆಗೆ ಸಾಕಾಗುವಷ್ಟು ದನಿ. ಕಣ್ಣು ಮಾಡಬೇಕಾದ ಕೆಲಸವನ್ನು ಅವಳ ಹೆಬ್ಬೆರಳು ಮಾಡುತ್ತಿತ್ತು.

ಅದು ಸಾಧ್ಯವಾದುದೇಕೆ? ಆ ಗುಂಡಿಯ ಹಿಂದೆ ಇಂಗಾಲ ಬಳಿದ ಬಾಗಿದ ಹಾದಿಯೊಂದು. ಅದರ ಮೇಲೆ ನಡೆಯುವ ಲೋಹದ ಕಾಲೊಂದು. ಕಾಲು ಎಲ್ಲಿದೆಯೋ ದನಿ ಅಷ್ಟು. ಗುಂಡಿಯ ನಿಲುವೇ ದನಿಯ ನಿಲುವು. ಬಸವಾದಿ ಶರಣರು ಬಯಸಿದ ನುಡಿ ನಡೆಗಳ ಐಕ್ಯ ಈ ಬಡ ಗುಂಡಿಯಲ್ಲಿ ಸಂಪೂರ್ಣವಾಗಿತ್ತು. ಈ ಐಕ್ಯ ಮುರಿದುಹೋದುದು, ಮತ್ತು ಅದನ್ನು ಮರಳಿ ಕೂಡಿಸಲು ಮೋಟಾರು ಬಂದುದು, ಇಷ್ಟೇ ಮುಂದಿನ ಇತಿಹಾಸ.

ತಾನೇ ತಿರುಗಿದ ಹಳೆಯ ಗುಂಡಿಗಳಲ್ಲಿ ಕೆಲವು ಅಮೆರಿಕದವು. ೧೯೩೦ರ ದಶಕದ ಕೊನೆಯ ವರ್ಷಗಳವು. ಅಲ್ಲಿ ಸಿರಿವಂತರ ರೇಡಿಯೋಗಳಿಗೆ ಒತ್ತುಗುಂಡಿಗಳ ಸಾಲೊಂದು ಬಂದಿತು. ಒತ್ತಿದರೆ ಒಳಗಿನ ಸಣ್ಣ ಮೋಟಾರು ನಿಲಯ ಹಿಡಿಯುವ ದಂಡವನ್ನು ತಿರುಗಿಸುವುದು. ದಂಡದ ಮೇಲೆ ನಿಲಯಕ್ಕೊಂದರಂತೆ ಬಿಲ್ಲೆಗಳು. ಬಿಲ್ಲೆಯಲ್ಲಿ ವಿದ್ಯುತ್ತು ಹರಿಯದ ಒಂದು ಸೀಳು. ಸೀಳು ಬಂದು ಎದುರಿಗೆ ನಿಂತೊಡನೆ ಮೋಟಾರಿನ ವಿದ್ಯುತ್ತು ಕಡಿದು ಮುಳ್ಳು ಆ ನಿಲಯದ ಮೇಲೆಯೇ ನಿಲ್ಲುವುದು. ನಡುವೆ ಸಿಕ್ಕ ನಿಲಯಗಳ ಕಿರಿಚಾಟ ಕೇಳಿಸದಂತೆ ಅಷ್ಟು ಹೊತ್ತು ದನಿಯನ್ನೂ ಮುಚ್ಚುವ ಏರ್ಪಾಡಿತ್ತು. ಫಿಲ್ಕೊ ಕಂಪನಿಯವರು ೧೯೩೯ರ ಮಾದರಿಯೆಂದು ತಂದ ರೇಡಿಯೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರೊಡನೆ ತಂತಿಯಿಲ್ಲದ ಪುಟ್ಟ ಪೆಟ್ಟಿಗೆಯೊಂದು. ಅದರ ಮೇಲೆ ಟೆಲಿಫೋನಿನದರಂಥ ಬೆರಳು ಹಾಕಿ ತಿರುಗಿಸುವ ಚಕ್ರ. ಕೋಣೆಯ ಆ ಮೂಲೆಯಲ್ಲಿ ಕುಳಿತು ಚಕ್ರ ತಿರುಗಿಸಿದರೆ ಈ ಮೂಲೆಯ ರೇಡಿಯೋದಲ್ಲಿ ನಿಲಯ ಬದಲಾಗುವುದು, ದನಿಯ ಗುಂಡಿಯನ್ನು ಮೋಟಾರು ತಿರುಗಿಸುವುದು. ಅದಕ್ಕೆ ಅವರಿಟ್ಟ ಹೆಸರಿನಲ್ಲಿಯೇ ‘ರಹಸ್ಯ’ ಎಂಬ ಮಾತಿತ್ತು. ಯುದ್ಧ ಬಂದಿತು, ದುಬಾರಿ ಬೆಡಗುಗಳು ಮೂಲೆಗೆ ಸೇರಿದುವು.

ಮತ್ತೆ ಈ ಮೋಟಾರು ಮನೆಗಳಿಗೆ ಬಂದುದು ೧೯೮೦ರ ದಶಕದಲ್ಲಿ, ಜಪಾನಿನ ಕಡೆಯಿಂದ. ಕೈಯಲ್ಲಿ ರಿಮೋಟ್ ಬಂದ ಮೇಲೆ ಒಂದು ದನಿಗೆ ಇಬ್ಬರು ಒಡೆಯರಾದರು: ಒಬ್ಬ ಪೆಟ್ಟಿಗೆಯ ಮೇಲಿನ ಗುಂಡಿ, ಇನ್ನೊಬ್ಬ ಕೈಯೊಳಗಿನ ರಿಮೋಟ್. ರಿಮೋಟಿನಿಂದ ದನಿಯನ್ನು ಇಳಿಸಿದಿರಿ. ಗುಂಡಿ ಮಾತ್ರ ಮೊದಲಿನ ಎತ್ತರವನ್ನೇ ತೋರಿಸುತ್ತ ನಿಂತಿದೆ. ಯಾರ ಮಾತು ನಿಜ? ಅತ್ತೆ ಸೊಸೆಯರ ನಡುವೆ ಸಿಕ್ಕಿದ ಮನೆಯ ಗತಿಯೇ ಆ ದನಿಗೆ ಆಯಿತು. ಜಪಾನಿನ ಆಲ್ಪ್ಸ್ ಮೊದಲಾದ ಕಂಪನಿಗಳವರು ಹಳೆಯ ಗುಂಡಿಯ ಬೆನ್ನಿಗೆ ಒಂದು ಮೋಟಾರನ್ನೂ ಜಾರುವ ಹಿಡಿಕೆಯನ್ನೂ ಕಟ್ಟಿ ಈ ಜಗಳವನ್ನು ಹರಿಸಿದರು. ರಿಮೋಟು ಒತ್ತಿದರೆ ಗುಂಡಿಯೇ ತಿರುಗುವುದು. ಕೈಯಿಂದ ಹಿಡಿದರೆ ಮೋಟಾರು ಜಾರಿ ಕೈಗೆ ದಾರಿ ಬಿಡುವುದು. ಗುಂಡಿ ಪುನಃ ಸತ್ಯವಾದಿಯಾಯಿತು.

ಇದಕ್ಕೂ ದೊಡ್ಡ ಜಗಳ ನಡೆದುದು ಮುದ್ರಣಶಾಲೆಗಳಲ್ಲಿ. ೧೯೭೦ರ ದಶಕದ ಹೊತ್ತಿಗೆ ಪಶ್ಚಿಮದ ಸ್ಟುಡಿಯೋಗಳಲ್ಲಿ ಎರಡಂಗುಲ ಅಗಲದ ಒಂದೇ ಟೇಪಿನ ಮೇಲೆ ೨೪ ದನಿಗಳನ್ನು ಬೇರೆ ಬೇರೆ ಹಾದಿಗಳಲ್ಲಿ ಮುದ್ರಿಸುವುದು ರೂಢಿಗೆ ಬಂದಿತ್ತು. ಅವುಗಳನ್ನೆಲ್ಲ ಹದವಾಗಿ ಬೆರಸಿ ಕೇಳುಗನಿಗೆ ತಲುಪುವ ಎರಡು ಹಾದಿಗಳಿಗೆ ಇಳಿಸುವಾಗ, ಹಾಡು ಸಾಗುತ್ತಿರುವಂತೆಯೇ, ಇಲ್ಲಿ ಪಿಟೀಲನ್ನು ಏರಿಸಬೇಕು, ಅಲ್ಲಿ ಡೋಲನ್ನು ತಗ್ಗಿಸಬೇಕು. ಜಾರುಗುಂಡಿಗಳು ೨೪, ಬೆರಳುಗಳು ಹತ್ತು. ಮೂರು ನಾಲ್ಕು ಜನ ಒಂದೇ ಹಲಗೆಯ ಮೇಲೆ ಬಾಗಿ ನಿಂತು, ‘ಈಗ ನೀನು, ಈಗ ನಾನು’ ಎಂದು ಸನ್ನೆ ಮಾಡಿಕೊಳ್ಳುತ್ತ ಕೆಲಸ ಮಾಡುವರು. ಕೊನೆಯ ಚರಣದಲ್ಲಿ ಒಬ್ಬನ ಬೆರಳು ತಪ್ಪಿದರೆ ಎಲ್ಲರೂ ಮೊದಲಿನಿಂದ. ಬರೆದುದನ್ನು ಅಳಿಸಲಿಲ್ಲವೆಂಬ ಹೆಮ್ಮೆ ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಳಿತ ಕುಮಾರವ್ಯಾಸನಿಗೆ ಸಲ್ಲುತ್ತದೆ. ಲೋಕದ ಉಳಿದವರಿಗೆ ಅಳಿಸಿ ತಿದ್ದುವ ಹಲಗೆಯೊಂದು ಬೇಕೇ ಬೇಕು.

ಮೊದಲಿಗೆ ಬಂದ ಉಪಾಯ ಅರ್ಧದ್ದು. ಜಾರುಗುಂಡಿಯ ಚಲನೆಯನ್ನು ವಿದ್ಯುತ್ತಿನ ಏರಿಳಿತವಾಗಿ ಬರೆದಿಟ್ಟುಕೊಂಡು, ಎರಡನೆಯ ಸಲ ಯಂತ್ರವೇ ದನಿಯನ್ನು ಅದರಂತೆ ಏರಿಸಿ ಇಳಿಸುವುದು. ದನಿಯೇನೋ ಏರಿಳಿಯುತ್ತಿತ್ತು, ಗುಂಡಿ ಮಾತ್ರ ಬಿಟ್ಟ ಜಾಗದಲ್ಲಿಯೇ ಬಿದ್ದಿರುತ್ತಿತ್ತು. ಒಂದು ಕಡೆ ತಿದ್ದಬೇಕೆಂದರೆ ದನಿ ನಿಜವಾಗಿ ಎಲ್ಲಿದೆಯೆಂಬುದನ್ನು ಸಣ್ಣ ದೀಪಗಳ ಸನ್ನೆಯಿಂದ ಊಹಿಸಿ, ಗುಂಡಿಯನ್ನು ಅಲ್ಲಿಗೆ ತಂದು ಹೊಂದಿಸಿ, ಆಮೇಲೆ ಕೈ ಹಾಕಬೇಕು. ಇಲ್ಲವಾದರೆ ದನಿ ಧಡಕ್ಕನೆ ಹಾರುವುದು. ಬೆರಳಿಗೆ ಸುಳ್ಳು ಹೇಳುವ ಗುಂಡಿ ಅದು.

ಇದಕ್ಕೆ ಮದ್ದು ಕಂಡುಕೊಂಡವರು ಇಂಗ್ಲೆಂಡಿನ ನೀವ್ ಕಂಪನಿಯವರು. ‘ನೆಕಾಮ್’ ಎಂಬ ಅವರ ಏರ್ಪಾಡು ೧೯೭೭ರ ಸುಮಾರಿಗೆ ಲಂಡನ್ನಿನ ಏರ್ ಸ್ಟುಡಿಯೋದಲ್ಲಿ ಬಳಕೆಗೆ ಬಂದಿತು. ಈ ‘ಏರ್’ ಎಂಬುದು ಜಾರ್ಜ್ ಮಾರ್ಟಿನ್ ಮತ್ತು ಸಂಗಡಿಗರು ೧೯೬೫ರಲ್ಲಿ ಕಟ್ಟಿದ ಸಂಸ್ಥೆಯ ಹೆಸರಿನ ಮೊದಲಕ್ಷರಗಳು. ನಮ್ಮ ಆಲ್ ಇಂಡಿಯಾ ರೇಡಿಯೋದ ಮೊದಲಕ್ಷರಗಳೂ ಅವೇ ಆಗಿರುವುದು ಕಾಕತಾಳೀಯ. ನೆಕಾಮ್‌ನಲ್ಲಿ ಒಂದೊಂದು ಜಾರುಗುಂಡಿಗೂ ಒಂದೊಂದು ಮೋಟಾರು; ಬೆನ್ನ ಹಿಂದೆ ಕಂಪ್ಯೂಟರು. ಒಮ್ಮೆ ಕೈಯಿಂದ ಮಾಡಿದ ಚಲನೆಯನ್ನು ಅದು ನೆನಪಿಟ್ಟುಕೊಂಡು ಮರುಸಲ ಗುಂಡಿಗಳನ್ನೇ ಹಾಗೆ ಸರಿಸುವುದು. ಬೆಟಗೇರಿಯ ನೇಕಾರ ಬಂಧುಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಜಕಾರ್ಡ್ ಮಗ್ಗದ ರಂಧ್ರಪಟ್ಟಿ ಯಾವ ಎಳೆ ಎಂದು ಏಳಬೇಕೆಂಬುದನ್ನು ಹೇಗೆ ನೆನಪಿಡುವುದೋ, ಯಾವ ಗುಂಡಿ ಎಂದು ಏಳಬೇಕೆಂಬುದನ್ನು ಇದು ಹಾಗೆಯೇ ನೆನಪಿಡುವುದು. ಭೇದವಿಷ್ಟೆ: ಮಗ್ಗದಲ್ಲಿ ಪಟ್ಟಿಯನ್ನು ಮೊದಲೇ ಕೊರೆಯಬೇಕು, ಇಲ್ಲಿ ಕೈಯಾಡಿದುದೇ ಪಟ್ಟಿಯಾಗುವುದು.

ಅದರ ಒಳಗಿನ ಕೆಲಸವನ್ನು ನೋಡೋಣ. ಗುಂಡಿ ಜಾರುವ ಹಾದಿ ಸಾಮಾನ್ಯವಾಗಿ ೧೦೦ ಮಿಲಿಮೀಟರು, ಎಂದರೆ ಸುಮಾರು ನಾಲ್ಕಂಗುಲ. ಹಾದಿಯ ಒಂದು ತುದಿಯಲ್ಲಿ ಮೋಟಾರು. ಗುಂಡಿಯನ್ನು ಅದಕ್ಕೆ ಜೋಡಿಸುವುದು ಹಲ್ಲುಗಳುಳ್ಳ ತೆಳುವಾದ ಪಟ್ಟಿ. ಗುಂಡಿ ಈಗೆಲ್ಲಿದೆ ಎಂಬುದನ್ನು ತಿಳಿಸಲು ಅದರ ಕೆಳಗೊಂದು ಅಳತೆಯ ಹಾದಿ. ಎಲ್ಲಿರಬೇಕು ಎಂಬುದನ್ನು ಕಂಪ್ಯೂಟರು ಹೇಳುವುದು, ಎಲ್ಲಿದೆ ಎಂಬುದನ್ನು ಈ ಹಾದಿ ಹೇಳುವುದು. ಎರಡರ ನಡುವೆ ಅಂತರವಿರುವ ತನಕ ಮೋಟಾರು ತಿರುಗುವುದು, ಅಂತರ ಕಳೆದೊಡನೆ ನಿಲ್ಲುವುದು. ಅಜ್ಜನ ಗ್ರಾಮೊಫೋನಿನ ಮೂರು ಸೀಸದ ಗುಂಡುಗಳು ಇಲ್ಲಿ ಬೇರೆ ವೇಷದಲ್ಲಿ ಬಂದಿವೆ ಎಂದು ನೀವಾಗಲೇ ಕಂಡುಕೊಂಡಿರಬಹುದು. ಮುಂದೆ ಬಂದ ಜಾರುಗುಂಡಿಗಳಲ್ಲಿ ಇನ್ನೊಂದು ಸೊಗಸು ಸೇರಿತು: ತಲೆಯು ವಿದ್ಯುತ್ತು ಹರಿಯುವ ಪದಾರ್ಥದ್ದಾದುದರಿಂದ ಬೆರಳು ತಾಕಿದೊಡನೆ ಅದಕ್ಕೆ ತಿಳಿದುಬಿಡುವುದು, ಮೋಟಾರು ಸುಮ್ಮನಾಗುವುದು. ಮನುಷ್ಯನ ಕೈ ಬಂದಲ್ಲಿ ಯಂತ್ರ ದಾರಿ ಬಿಟ್ಟು ನಿಲ್ಲುವ ಈ ವಿನಯ ನನಗೆ ಬಹಳ ಹಿಡಿಸಿತು. ಎಲ್ಲ ಯಂತ್ರಗಳಿಗೂ ಇದು ಬಂದಿಲ್ಲ.

ಆ ಕಾಲಕ್ಕೆ ಇದು ರಾಜರ ಮನೆಯ ಆನೆ. ೧೯೯೪–೯೫ರಲ್ಲಿ ಯಮಾಹಾ ಕಂಪನಿಯ ಪ್ರೋಮಿಕ್ಸ್, ಅದರ ಹಿಂದೆಯೇ ೦೨ಆರ್ ಎಂಬ ಅಂಕೀಯ ಹಲಗೆಗಳು ಬಂದು, ಮೋಟಾರಿನ ಗುಂಡಿಯನ್ನು ಸಣ್ಣ ಸ್ಟುಡಿಯೋಗಳಿಗೂ ತಂದುವು. ೨೦೧೨ರಲ್ಲಿ ಬಂದ ಬೆರಿಂಜರ್ ಕಂಪನಿಯ ಎಕ್ಸ್-೩೨ ಎಂಬ ಹಲಗೆಯಲ್ಲಿ ೨೫ ಮೋಟಾರು ಗುಂಡಿಗಳಿದ್ದುವು. ಈ ಬಗೆಯ ಹಲಗೆಗಳು ಮದುವೆ, ಜಾತ್ರೆ, ಉತ್ಸವಗಳ ಮೈಕ್‌ಸೆಟ್ಟಿನವರ ಕೈಗೂ ಎಟುಕಿದುವು. ಇಲ್ಲಿ ಮೋಟಾರಿಗೆ ಹೊಸದೊಂದು ಉದ್ಯೋಗ ಸಿಕ್ಕಿತು. ಮೈಕುಗಳು ಮೂವತ್ತೆರಡು, ಗುಂಡಿಗಳು ಅದಕ್ಕಿಂತ ಕಡಮೆ. ಆದುದರಿಂದ ಒಂದೇ ಗುಂಡಿ ಈಗ ತಬಲಾದ್ದು, ಪುಟ ತಿರುವಿದೊಡನೆ ಭಾಷಣಕಾರರದ್ದು. ಪುಟ ತಿರುವಿದಾಗ ಗುಂಡಿಗಳೆಲ್ಲ ಹೊಸ ಪುಟದ ನಿಲುವಿಗೆ ಓಡಿ ನಿಲ್ಲಬೇಕು. ಮೋಟಾರಿಲ್ಲದಿದ್ದರೆ ತಬಲಾದ ಎತ್ತರದಲ್ಲಿ ನಿಂತ ಗುಂಡಿ ಭಾಷಣಕಾರರ ಬಗ್ಗೆ ಸುಳ್ಳು ಹೇಳುತ್ತ ಕೂಡುವುದು. ಇಡೀ ಹಲಗೆಯ ಒಂದು ನಿಲುವನ್ನು ನೆನಪಿಟ್ಟು ಬೇಕೆಂದಾಗ ಕರೆಯುವುದಕ್ಕೆ ಮೈಕ್‌ಸೆಟ್ಟಿನವರು ‘ಸೀನ್’ ಎನ್ನುತ್ತಾರೆ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯನ್ನು ಕಂಡ ಗದಗಿನಲ್ಲಿ, ವೆಂಕೋಬರಾಯರ ಕಂಪನಿಯನ್ನು ಕಂಡ ಶಿರಹಟ್ಟಿಯಲ್ಲಿ, ‘ಸೀನು’ ಎಂದರೆ ಅರಮನೆಯನ್ನೋ ಅಡವಿಯನ್ನೋ ಬರೆದ ಪರದೆ. ಆ ನಟರು ಮೈಕಿಲ್ಲದೆಯೇ ಕೊನೆಯ ಸಾಲಿನವನ ಕಿವಿಗೆ ಮಾತು ಮುಟ್ಟಿಸುತ್ತಿದ್ದರು. ಪರದೆ ಎಳೆಯುವವನ ಕೆಲಸ ಅಂದು ಹಗ್ಗದ್ದು, ಇಂದು ಬೆರಳಿನದು.

ಈಗ ಶಿರಹಟ್ಟಿಯ ಮೇಜಿಗೆ ಮರಳೋಣ. ನನ್ನ ಗಾದೆಯ ಮಾತನ್ನು ಮೈಕ್‌ಸೆಟ್ಟಿನವರ ಕಿವಿಯಲ್ಲಿ ಹೇಳಿದೆ. ಅವರೂ ಹೌದೆಂದರು. ಮೋಟಾರುಗಳಿಂದ ತೊಂದರೆಯೇ ಹೆಚ್ಚು; ಕಪ್ಪತಗುಡ್ಡದ ಕಡೆಯಿಂದ ಗಾಳಿ ಬೀಸಿದರೆ ಧೂಳು ಸೀಳುಗಳೊಳಗೆ ಇಳಿದು ಗುಂಡಿಗಳು ತೊದಲುತ್ತವೆ, ಪಟ್ಟಿ ಕಡಿಯುತ್ತದೆ, ದುರಸ್ತಿಗೆ ದೂರದ ಊರಿಗೆ ಕಳಿಸಬೇಕು. “ಮುಂದಿನ ಸಲ ಗುಂಡಿನಽ ಇಲ್ಲದ್ದು ತರೋಣಂತ ಮಾಡೇನ್ರಿ ಮಾಸ್ತರ” ಎಂದರು. ಅಂಥವೂ ಬಂದಿವೆ: ಬರಿಯ ಒಂದು ಪೆಟ್ಟಿಗೆ, ಮೇಲೆ ಮೈಕಿನ ತಂತಿ ಚುಚ್ಚುವ ತೂತುಗಳು, ಉಳಿದುದೆಲ್ಲ ಟ್ಯಾಬ್ಲೆಟಿನ ಗಾಜಿನ ಮೇಲೆ ಬರೆದ ಗುಂಡಿಗಳ ಚಿತ್ರ. ಅಗ್ಗ, ಹಗುರ, ಧೂಳಿಗೆ ಹೆದರುವುದಿಲ್ಲ. ಸಭೆಯ ನಡುವೆ ಅಡ್ಡಾಡುತ್ತ ಕಡೆಯ ಸಾಲಿನಲ್ಲಿ ನಿಂತು ಕೇಳಿ ದನಿಯನ್ನು ಹೊಂದಿಸಬಹುದು. ವ್ಯಾಪಾರದ ಲೆಕ್ಕದಲ್ಲಿ ಅವರ ಮಾತು ಸರಿಯೇ.

“ಹಂಗಾದ್ರ ನನಗ ಏನೂ ತಿಳಿಯೂದಿಲ್ರಿ” ಎಂದ ಹುಡುಗ. ಬೆರಳುಗಳು ಇನ್ನೂ ಹಲಗೆಯ ಮೇಲೆಯೇ ಇದ್ದುವು.

ಆಗ ನನಗೆ ಹೊಳೆಯಿತು. ಗಾಜು ನುಣುಪು, ಅಲ್ಲಿ ಬೆರಳಿಗೆ ಯಾವ ಸುದ್ದಿಯೂ ಇಲ್ಲ. ಕಣ್ಣಿಲ್ಲದವರಿಗಾಗಿ ಪರದೆಯ ಮೇಲಿರುವುದನ್ನು ಓದಿ ಹೇಳುವ ಫೋನುಗಳು ಬಂದಿವೆ. ಈ ಹುಡುಗನ ಬಳಿಯೂ ಅಂಥದಿದೆ, ಅದರಲ್ಲಿ ಅವನು ನನಗಿಂತ ಚುರುಕು. ಆದರೆ ಸಂಗೀತ ಸಭೆಯಲ್ಲಿ ದನಿ ಹೊಂದಿಸುವವನ ಕಿವಿ ಸಂಗೀತಕ್ಕೆ ಒತ್ತೆಯಾಗಿರುತ್ತದೆ. ಗಾಯಕರು ತಾರಷಡ್ಜಕ್ಕೆ ಏರುತ್ತಿರುವಾಗ ಅದೇ ಕಿವಿಯಲ್ಲಿ ಫೋನು ‘ಏಳನೆಯ ಗುಂಡಿ, ಶೇಕಡಾ ಅರವತ್ತು’ ಎಂದು ಒದರಿದರೆ ಕೇಳುವುದು ಯಾವುದನ್ನು? ಅವನಿಗೆ ಬಿಡುವಾಗಿ ಉಳಿದಿರುವುದು ಬೆರಳೊಂದೇ. ಬೆರಳಿಗೆ ಬೇಕಾದುದು ಎದ್ದು ನಿಂತ, ತಡವಿದರೆ ಸಿಗುವ, ನಿಜವನ್ನೇ ಹೇಳುವ ಗುಂಡಿ. ಲೂಯಿ ಬ್ರೈಲ್ ಅಕ್ಷರವನ್ನು ಕಾಗದದಿಂದ ಮೇಲಕ್ಕೆಬ್ಬಿಸಿ ಬೆರಳಿಗೆ ಕೊಟ್ಟಂತೆ, ಇದು ದನಿಯ ಗಾತ್ರವನ್ನು ಮೇಲಕ್ಕೆಬ್ಬಿಸಿ ಬೆರಳಿಗೆ ಕೊಡುತ್ತದೆ. ಮಾಡಿದವರು ಇದನ್ನು ನೆನೆದು ಮಾಡಿರಲಿಕ್ಕಿಲ್ಲ. ಅವರಿಗಿದ್ದುದು ಹತ್ತು ಬೆರಳು ಇಪ್ಪತ್ತನಾಲ್ಕು ಗುಂಡಿಗಳ ಚಿಂತೆ. ನಮ್ಮ ಅಜ್ಜಿಯ ರೇಡಿಯೋದ ಗೀರನ್ನೂ ಅವಳಿಗೆಂದು ಯಾರೂ ಹ್ಯಾಮ್ಲೆಟ್ಟು ಬರೆದಷ್ಟು ಯೋಚಿಸಿ ಕೊರೆದಿರಲಿಲ್ಲ.

ಬೇರೆ ಯಾವ ಊರಿಗಾದರೂ ಇದು ಸಣ್ಣ ಮಾತಾಗಬಹುದು, ಗದಗಿಗೆ ಅಲ್ಲ. ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪) ಕಣ್ಣಿಲ್ಲದವರು. ಅವರ ಪಟ್ಟಶಿಷ್ಯ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಕಣ್ಣಿಲ್ಲದವರು. ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಎಲ್ಲವೂ ಪುಟ್ಟರಾಜರ ಬೆರಳಿಗೆ ವಶವಾಗಿದ್ದುವು. ಬಸವರಾಜ ರಾಜಗುರುಗಳಂಥವರು ಆ ಪರಂಪರೆಯಲ್ಲಿ ಬೆಳೆದರು. ಆಶ್ರಮದ ಅಂಗಳದಲ್ಲಿ ಇಂದಿಗೂ ಕಣ್ಣಿಲ್ಲದ ಮಕ್ಕಳು ಕೈ ಹಿಡಿದು ಕೂಡಿಸಿದ ಕಡೆ ಕುಳಿತು ಸ್ವರಸ್ಥಾನಗಳನ್ನು ಬೆರಳಿನಿಂದ ಕಲಿಯುತ್ತಾರೆ. ಅವರಲ್ಲಿ ಎಲ್ಲರೂ ಗವಾಯಿಗಳಾಗಲಾರರು, ಎಲ್ಲರಿಗೂ ಕಚೇರಿಗಳು ಸಿಗಲಾರವು. ಆದರೆ ಹತ್ತು ವರ್ಷ ಸ್ವರ ಕೇಳಿ ಪಳಗಿದ ಕಿವಿ ಮೈಕ್‌ಸೆಟ್ಟಿನ ಮೇಜಿನ ಹಿಂದೆ ಕುಳಿತರೆ ನಮ್ಮ ಜಾತ್ರೆಗಳಲ್ಲಿ ಈಗ ಆಗುತ್ತಿರುವ ಕರ್ಣಹಿಂಸೆ ಎಷ್ಟೋ ಕಡಮೆಯಾದೀತು. ಆ ಕೆಲಸದಲ್ಲಿ ಸಂಬಳವೂ ಇದೆ. ಅವರ ಬೆರಳಿಗೆ ಹಿಡಿಯಲು ಏನಾದರೊಂದು ಇರಬೇಕು, ಅಷ್ಟೆ. ಇದನ್ನು ನಾನು ಸಾಧನಗಳನ್ನು ಕೊಳ್ಳುವ ಮಠಗಳವರಿಗೆ, ಶಾಲೆಗಳವರಿಗೆ, ಉತ್ಸವ ಮಂಡಳಿಗಳವರಿಗೆ ಹೇಳುತ್ತಿದ್ದೇನೆ. ಮೈಕ್‌ಸೆಟ್ಟಿನವರಿಗಂತೂ ಆ ರಾತ್ರಿಯೇ ಹೇಳಿದೆ. ಅವರು ‘ನೋಡೋಣ್ರಿ’ ಎಂದರು. ಆರು ಜನರ ಸಂಸಾರ ಸಾಗಿಸುವವರು ಅದಕ್ಕಿಂತ ಹೆಚ್ಚು ಏನು ಹೇಳಿಯಾರು?

ಸಭೆ ಮುಗಿದು ಜನ ಚದುರಿದರು. ತಂತಿಗಳನ್ನು ಸುತ್ತುವ ಮೊದಲು ಮೈಕ್‌ಸೆಟ್ಟಿನವರು ಹುಡುಗನ ಆಸೆಗೆಂದು ಹಾಡಿನ ಸೀನನ್ನು ಮತ್ತೊಮ್ಮೆ ಕರೆದರು. ಗುಂಡಿಗಳು ಸರಿದು ನಿಂತುವು. ಅವನು ಎಡದಿಂದ ಬಲಕ್ಕೆ, ಜಪಸರ ಎಣಿಸುವವನಂತೆ, ಒಂದೊಂದನ್ನೇ ಮೆಲ್ಲಗೆ ತಡವಿದ. ಈ ಹಲಗೆಗಳಲ್ಲಿ ‘ಸೊನ್ನೆ’ ಎಂಬುದು ತಳದಲ್ಲಿರುವುದಿಲ್ಲ. ಹಾದಿಯ ಮುಕ್ಕಾಲು ಎತ್ತರದಲ್ಲಿ, ಬಂದ ದನಿ ಹೆಚ್ಚದೆ ಕುಗ್ಗದೆ ಬಂದಂತೆಯೇ ಹೋಗುವ ಜಾಗದಲ್ಲಿರುತ್ತದೆ. ಅದನ್ನು ಮೊದಲೇ ಕೇಳಿ ತಿಳಿದುಕೊಂಡಿದ್ದ. ಏಳನೆಯ ಗುಂಡಿಯ ಹತ್ತಿರ ಬೆರಳು ನಿಂತಿತು.

“ಇದು ಯಾವುದ್ರೀ?”

“ಹಾರ್ಮೋನಿಯಮ್ಮಿಂದು.”

“ಸೊನ್ನಿಗಿಂತ ಎರಡು ಬೆರಳು ಕೆಳಗೈತ್ರಿ. ಅದಕ್ಕಽ ಎರಡನೇ ಹಾಡಿನ್ಯಾಗ ಪೇಟಿ ಕೇಳಸಲಿಲ್ಲ.”

ಮೈಕ್‌ಸೆಟ್ಟಿನವರು ದೀಪ ಹಿಡಿದು ಬಾಗಿ ನೋಡಿದರು. ಎರಡು ಬೆರಳು ಕೆಳಗೇ ಇತ್ತು.